ಐದನೆಯ ಎಲೆ

ನಸುಕಿನ ನಾಲ್ಕಕ್ಕೆ ಹಾಲ್‌ಬೇರಾ ಫೋನು ಮಾಡಿದಳು:
ತಕ್ಕಡಿ ಮಾತು ಬಿಟ್ಟಿದೆ.

ಹಾಗೇ ಅಂದಳು, ಮಾತು ಬಿಟ್ಟಿದೆ,
ಮುನಿದ ನೆಂಟರ ಸುದ್ದಿ ಹೇಳುವ ಹಾಗೆ.

ಐಸ್‌ಲ್ಯಾಂಡಿನ ಪಡುವಣ ತುದಿ, ಫೆಬ್ರವರಿ.
ಕಟ್ಟೆಗೆ ಬಿಗಿದ ಮೂರು ದೋಣಿ,
ಐಸಿನಲ್ಲಿ ಹೂತ ಕಾಡ್ ಮೀನಿನ ತೊಟ್ಟಿಗಳು,
ಗುರುಗುಟ್ಟುತ್ತ ಕಾಯುವ ಲಾರಿ.
ಬಂದರಿನ ತಕ್ಕಡಿ ತೂಗಿ ಅವಳು ಸಹಿ ಹಾಕದ ಹೊರತು
ಒಂದು ಮೀನೂ ಊರು ದಾಟುವಂತಿಲ್ಲ.

ನಿನ್ನೆ ಸಂಜೆ ಕರ್ನೆಲ್ ಹೊಸದು ಮಾಡಿದವನು ನಾನೇ.
ಅದನ್ನು ಅವಳಿಗೆ ಹೇಳಿಲ್ಲ, ಇನ್ನೂ.

ಕಂಪ್ಯೂಟರಿನ ಬೆನ್ನಿನಲ್ಲಿ ಹತ್ತು ಬಾಯಿ:
ಹುಟ್ಟಿನಿಂದ ಬಂದವು ಎರಡು,
ಕಾರ್ಡು ಸಿಕ್ಕಿಸಿದ ಮೇಲೆ ಬಂದವು ಎಂಟು.
ಕಾರ್ಡಿನ ಮೂರನೆಯದಕ್ಕೆ ತಕ್ಕಡಿಯ ಕೇಬಲ್ಲು,
ಕೇಬಲ್ಲಿನ ಕೊರಳಿಗೆ ಒಂದು ಚೀಟಿ:
ನೀಲಿ ಶಾಯಿಯಲ್ಲಿ ೧೬, ಹೊಡೆದು ಹಾಕಿದೆ;
ಕೆಳಗೆ ಪೆನ್ಸಿಲ್ಲಿನಲ್ಲಿ ೬.
ಹದಿನಾರು ಅಂತ ಕರೆದದ್ದು ಯಾವ ಕಾಲದ್ದೋ ಕರ್ನೆಲ್ಲು,
ಬರೆದವನು ನನಗಿಂತ ಮುಂಚಿನ ಬಾರ್ಡುರ್.
ಈಗ ಆ ಕರ್ನೆಲ್ಲೂ ಇಲ್ಲ, ಬಾರ್ಡುರನೂ ಇಲ್ಲ.
ತಂತಿ ಅದೇ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ:
ಕಿತ್ತೆ, ಊದಿದೆ, ಮತ್ತೆ ಸಿಕ್ಕಿಸಿದೆ, ಬೈದೆ.
ಆಮೇಲೆ ಸ್ವೆರಿರ್‌ನ ದೋಣಿಯಿಂದ ಒಂದು ಗಾಳದ ಕೊಕ್ಕೆ ಇಸಿದುಕೊಂಡು
ಎರಡನೆಯ ಪಿನ್ನಿಗೂ ಮೂರನೆಯದಕ್ಕೂ ಸೇತುವೆ ಹಾಕಿದೆ;
ಆಡಿದ್ದು ಆಡಿದವನ ಕಿವಿಗೇ ಮರಳಬೇಕು.
ಕೂಗಿದೆ.
ಹಾಳು ಬಾವಿಗೆ ಕೂಗಿದರೂ ಬಾವಿ ಓ ಅನ್ನುತ್ತದೆ.
ಇಲ್ಲಿ, ಅಂಥ ಬಾಗಿಲೇ ಇಲ್ಲ ಎಂದಿತು ತೆರೆ.

ಹಳೆಯ ಕರ್ನೆಲ್ಲಿನಲ್ಲಿ ಎಬ್ಬಿಸಿ ನೋಡಿದೆ.
ಕೊಕ್ಕೆ ಓಗೊಟ್ಟಿತು, ಕೂಗಿದ್ದು ಕೂಗಿದ ಹಾಗೇ.
ತಂತಿ ನಿರಪರಾಧಿ. ಕಾರ್ಡೂ.

"ಹಾಗಾದರೆ ಹಳೆಯದೇ ಇರಲಿ ಬಿಡು."
ಬಿಡಬಹುದಿತ್ತು. ಆದರೆ ತೂಕವನ್ನು ರಾಜಧಾನಿಗೆ ಮುಟ್ಟಿಸುವ
ಹೊಸ ನೆಟ್‌ವರ್ಕ್ ಕಾರ್ಡಿನ ಮುಖಪರಿಚಯ ಹಳೆಯದಕ್ಕಿಲ್ಲ.
ಇದಕ್ಕೆ ಗೊತ್ತಿರುವವರು ಅದಕ್ಕೆ ಅಪರಿಚಿತರು.

ಮತ್ತೆ ಹೊಸದನ್ನು ಎಬ್ಬಿಸಿದೆ.
ಏಳುವಾಗಿನ ಅದರ ಗೊಣಗಾಟವನ್ನು ಒಂದೊಂದೇ ಸಾಲು ಓದಿದೆ,
ಗಡಿಯಾರ, ನೆನಪು, ಡಿಸ್ಕು, ಕೀಬೋರ್ಡು,
ಮುನ್ನೂರ ಹನ್ನೊಂದನೆಯ ಸಾಲಿನಲ್ಲಿ ಮೆಲ್ಲಗೆ:
ನೋಂದಾಯಿಸಲಾಗಲಿಲ್ಲ. ಮೈನಸ್ ಇಪ್ಪತ್ತೆಂಟು.

ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಹಾಲ್‌ಬೇರಾ
"ಅಷ್ಟು ಚಳಿ ಈ ಊರು ಎಂದೂ ಕಂಡಿಲ್ಲ" ಅಂದಳು.

ಚಳಿಯಲ್ಲ. ಜಾಗವಿಲ್ಲ ಅಂತ ಅರ್ಥ.

ಪಂಕ್ತಿಗೆ ನಾಲ್ಕೇ ಎಲೆ ಹಾಕಿದ್ದಾರೆ.
ಹಳೆಯದನ್ನು ಕಟ್ಟಿದವರು ಧಾರಾಳಿಗಳು, ಮೂವತ್ತೆರಡು ಹಾಕಿದ್ದರು;
ಇವರು ಯಾರೋ ಲೆಕ್ಕದ ಮನುಷ್ಯರು,
ಈ ಕಾಲದಲ್ಲಿ ಸೀರಿಯಲ್ ಪೋರ್ಟು ಯಾರಿಗೆ ಬೇಕು ಅಂದುಕೊಂಡರೇನೋ.
ಹುಟ್ಟಿನ ಎರಡು ಕೂತವು,
ಕಾರ್ಡಿನ ಮೊದಲೆರಡು ಕೂತವು,
ಐದನೆಯದು ಕೈ ತೊಳೆದುಕೊಂಡು ಬಾಗಿಲಲ್ಲಿ ನಿಂತಿದೆ
ನಿನ್ನೆ ಸಂಜೆಯಿಂದ.

"ಕೂತವರು ಯಾರು?" ಅಂದಳು.
ಟಾರ್ಚು ಹಿಡಿದು ಹಿಂದೆ ನೋಡಿದೆ. ನಾಲ್ಕರಲ್ಲೂ ತಂತಿಯಿಲ್ಲ.
ಒಂದರಲ್ಲಿ ಜೇಡ ಕಟ್ಟಿದ ನೂಲು,
ಒಂದರಲ್ಲಿ ಯಾರೋ ತುರುಕಿದ ಚಾಕೊಲೇಟಿನ ಬೇಗಡೆ.

ಕರ್ನೆಲ್ಲು ಏಳುವ ಮುನ್ನ ಓದುವ ಸಾಲಿನ ಕೊನೆಗೆ
ಒಂದೇ ಮಾತು ಸೇರಿಸಿದೆ: ಎಲೆ ಹದಿನಾರು.
ಎಬ್ಬಿಸಿದೆ.
ಕಿಟಕಿಯಾಚೆ ಸ್ವೆರಿರ್, ವಾಚಿಲ್ಲದ ಮಣಿಕಟ್ಟು ತೋರಿಸಿ
ಏನೋ ಕೂಗುತ್ತಿದ್ದ; ಗಾಳಿ ಅದನ್ನು ಬೇರೆ ಕಡೆ ಒಯ್ದಿತು.

ತೆರೆಯ ಮೇಲೆ
೦.೦
೦.೦
೦.೦
ಖಾಲಿ ತಕ್ಕಡಿ ಸೆಕೆಂಡಿಗೊಮ್ಮೆ ಆಡುವ ಮಾತು.
ಇರುಳೆಲ್ಲ ಆಡುತ್ತಲೇ ಇತ್ತು, ಗೋಡೆಯ ಜೊತೆ.

ಹಾಲ್‌ಬೇರಾ ಕನ್ನಡಕ ಒರೆಸಿಕೊಂಡು
ಆ ಸೊನ್ನೆಗಳನ್ನು ಸ್ವಲ್ಪ ಹೊತ್ತು ಹಾಗೇ ನೋಡಿದಳು,
ಮೂವತ್ತು ವರ್ಷದಲ್ಲಿ ಅವನ್ನು ಓದಿರಲಿಲ್ಲವಂತೆ.

ಮೊದಲ ತೊಟ್ಟಿ ಏರಿತು: ನಾನೂರ ಹನ್ನೆರಡು ಕಿಲೋ.
ಸಹಿ ಹಾಕುತ್ತ, ತಲೆಯೆತ್ತದೆ, ಕೇಳಿದಳು:
"ನಿನ್ನೆ ಸಂಜೆ ಇದನ್ನು ಮುಟ್ಟಿದವರು ಯಾರು?"

ಸ್ವೆರಿರ್‌ನ ಕೊಕ್ಕೆ ವಾಪಸು ಕೊಡಲು
ನಾನು ಹೊರಗೆ ಹೋದೆ.